ಸಿದ್ದಲಿಂಗಪ್ಪನವರ ಸದ್ದಿಲ್ಲದ ಕರೆಂಟು

ಸಿದ್ದಲಿಂಗಪ್ಪನವರ ಗಂಟಲಿನ ವಿಷಯ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದ್ಯಾವುದೂ ತಲೆಗೆ ಹತ್ತುವುದಿಲ್ಲ. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಅವರ ಫ್ಲ್ಯಾಟು. ಮೇಲಿನ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಅವರು ಹಲೋ ಅಂದರೆ ಕೆಳಗೆ ಗೇಟಿನಲ್ಲಿ ಕೂತ ವಾಚ್‌ಮನ್ ತನ್ನನ್ನೇ ಕರೆದರೆಂದು ಎದ್ದು ನಿಲ್ಲುತ್ತಾನೆ. ಒಂದು ನವರಾತ್ರಿಯಲ್ಲಿ ಸೊಸೈಟಿಯ ಗರ್ಬಾ ನಡೆಯುವಾಗ ಮೈಕು ಕೈಕೊಟ್ಟಿತು. ಯಾರ ಕಾರು ದಾರಿಗೆ ಅಡ್ಡ ನಿಂತಿದೆ, ಯಾರ ಮಗು ಅಳುತ್ತಿದೆ ಎಂದು ಕೂಗಿ ಹೇಳುವ ಕೆಲಸ ಸಿದ್ದಲಿಂಗಪ್ಪನವರ ಪಾಲಿಗೆ ಬಂತು. ಮರುವರ್ಷ ಹೊಸ ಮೈಕು ಬಂದರೂ ಆ ಕೆಲಸ ಅವರ ಹತ್ತಿರವೇ ಉಳಿಯಿತು. ಗದಗಿನ ಕಡೆಯವರೆಲ್ಲ ಹೀಗೇ ಎಂದು ಸೊಸೈಟಿಯ ಗುಜರಾತಿ ಮಂದಿ ನಂಬಿಬಿಟ್ಟಿದ್ದಾರೆ. ಅದು ಶುದ್ಧ ಸುಳ್ಳು. ಅವರ ಅಣ್ಣತಮ್ಮಂದಿರು ಅಕ್ಕತಂಗಿಯರೆಲ್ಲ ಮೆತ್ತಗೆ ಮಾತಾಡುವವರೇ. ಈ ಗಂಟಲನ್ನು ದೇವರು ಅವರೊಬ್ಬರಿಗೇ ಕೊಟ್ಟಿದ್ದಾನೆ.

ಇಂಥ ಮನುಷ್ಯ ಜೀವಮಾನವಿಡೀ ಮಾಡಿದ ನೌಕರಿ ಏನು ಗೊತ್ತೇ? ಸದ್ದಿಲ್ಲದ ಕರೆಂಟು ತಯಾರಿಸುವುದು! ಬಾಹ್ಯಾಕಾಶ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ ಪವರ್ ಸಪ್ಲೈ ವಿಭಾಗ ಅವರದು. ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟು ಒರಟು, ಹಿಂದೆ ಮುಂದೆ ಓಲಾಡುತ್ತಲೇ ಇರುತ್ತದೆ. ಅದನ್ನು ಇಳಿಸಿ, ನೆಟ್ಟಗೆ ಮಾಡಿ, ಒಂದು ಚೂರೂ ಅಲುಗಾಡದಂತೆ ಸೂಕ್ಷ್ಮ ಯಂತ್ರಗಳಿಗೆ ಉಣಿಸಬೇಕು. ಯಂತ್ರ ಗೆದ್ದರೆ ಹಾರ ತುರಾಯಿ ಯಂತ್ರ ಮಾಡಿದವರಿಗೆ. ಅದಕ್ಕೆ ಅನ್ನ ಹಾಕಿದ ಡಬ್ಬಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಸಿದ್ದಲಿಂಗಪ್ಪನವರಿಗೆ ಅದರ ಬೇಜಾರೇನೂ ಇರಲಿಲ್ಲ. "ಪವರ್ ಸಪ್ಲೈ ಛಲೋ ಐತಿ ಅಂತ ಯಾರರ ಬಂದು ಹೇಳಿದ್ರ ನನಗ ಡೌಟ್ ಬರ್ತೈತಿ. ಅದು ಐತಿ ಅನ್ನೋದ ಅವರಿಗೆ ಗೊತ್ತಾಗಬಾರದು!" ಎಂದು ಕ್ಯಾಂಟೀನು ಅದುರುವಂತೆ ಹೇಳುತ್ತಿದ್ದರು. ನಿವೃತ್ತಿಯ ದಿನ ಸಹೋದ್ಯೋಗಿಗಳು ಅವರಿಗೆ ಕೊಟ್ಟ ಉಡುಗೊರೆ ಏನೆಂದರೆ ಕಿವಿಗೆ ಇಟ್ಟುಕೊಳ್ಳುವ ಹತ್ತಿ. ಅವರೂ ನಕ್ಕರು, ಎಲ್ಲರಿಗಿಂತ ಜೋರಾಗಿ.

ಒಬ್ಬಳೇ ಮಗಳು, ಗಗನಾ. ಹುಟ್ಟಿದ್ದು ಬೆಳೆದದ್ದು ಅಹಮದಾಬಾದಿನಲ್ಲಿ, ಈಗ ವಡೋದರಾದಲ್ಲಿ ಕಾಲೇಜು, ಹಾಸ್ಟೆಲ್ಲು. ಅವಳ ಕನ್ನಡದ ಬಗ್ಗೆ ಹೆಚ್ಚು ಕೇಳಬೇಡಿ. ಹಿಂದಿ, ಇಂಗ್ಲಿಷ್, ಗುಜರಾತಿ ಎಲ್ಲದರಲ್ಲೂ ಮಿಂದು ಬಂದ ಕನ್ನಡ ಅದು. ಅಪ್ಪ ಬಾಯಿ ತೆರೆದರೆ ಸಾಕು, ಮಗಳ ಬಾಯಿಂದ ಬರುವ ಮೊದಲ ಮಾತು "ಪಪ್ಪಾ, ಧೀರೇ!" ಮೆತ್ತಗೆ ಎಂದು ಕನ್ನಡದಲ್ಲಿ ಹೇಳಲು ಅವಳಿಗೆ ಬರುತ್ತಿರಲಿಲ್ಲ ಎಂದಲ್ಲ, ಧೀರೇ ಅಂದರೆ ಬೇಗ ಮುಗಿಯುತ್ತಿತ್ತು.

ಅವಳ ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಪ್ರಸಂಗ ನಡೆದಿತ್ತು. ನಾಟಕದಲ್ಲಿ ರಾಣಿಯ ಪಾತ್ರ. ರಾಣಿ ಅಳಬೇಕು, ಸಭೆ ಸ್ತಬ್ಧವಾಗಬೇಕು. ಸ್ತಬ್ಧವೂ ಆಗಿತ್ತು. ಆಗ ಹಿಂದಿನ ಸಾಲಿನಿಂದ ಸಿದ್ದಲಿಂಗಪ್ಪನವರು, "ಗಗನಾ, ಮಾರಿ ಮ್ಯಾಲೆತ್ತವಾ, ಇಲ್ಲಿಗೆ ಕಾಣವಲ್ದು!" ಎಂದು ಕೂಗಿದರು. ಇಡೀ ಶಾಲೆ ನಕ್ಕಿತು, ರಾಣಿ ನಿಜವಾಗಿಯೇ ಅತ್ತಳು. ಅಂದಿನಿಂದ ಮನೆಯಲ್ಲಿ ಒಂದು ಕಾನೂನು ಜಾರಿಗೆ ಬಂತು. ಗಗನಾಳ ಕಾರ್ಯಕ್ರಮಗಳಿಗೆ ಮಮ್ಮಿ ಮಾತ್ರ.

ಈಗ ಆ ಹುಡುಗಿಗೆ ಒಂದು ಹುಚ್ಚು ಹಿಡಿದಿತ್ತು. ಸಾಬರಮತಿ ದಂಡೆಯ ಭಾನುವಾರದ ಸಂತೆಯಲ್ಲಿ ಗುಜರಿ ಸಾಮಾನಿನ ನಡುವೆ ಅವಳಿಗೊಂದು ಸತ್ತ ಕಂಪ್ಯೂಟರ್ ಸಿಕ್ಕಿತು. ಅವಳು ಹುಟ್ಟುವುದಕ್ಕೆ ಎಷ್ಟೋ ಮುಂಚಿನದು, ಟೀವಿಗೆ ಜೋಡಿಸಿ ಆಟ ಆಡುವಂಥದ್ದು. ಕಂಪ್ಯೂಟರ್ ಸತ್ತಿದ್ದರೂ ಅದರೊಳಗಿನ ಶಬ್ದ ಹುಟ್ಟಿಸುವ ಇಲೆಕ್ಟ್ರಾನಿಕ್ ಚಿಪ್ಪು ಬದುಕಿತ್ತು. ಗಗನಾ ಅದನ್ನು ಕಿತ್ತು, ಕೀಲಿಮಣೆ ಸೇರಿಸಿ, ತಾನೇ ಒಂದು ಸಿಂಥಸೈಜರ್ ಕಟ್ಟತೊಡಗಿದಳು. ತಂತಿ ಇಲ್ಲ, ಗಾಳಿ ಇಲ್ಲ, ಬರೀ ಕರೆಂಟಿನಿಂದ ಸ್ವರ ಹುಟ್ಟಿಸುವ ವಾದ್ಯ ಅದು. ಕಾಲೇಜಿನಲ್ಲಿ ಮುಂದಿನ ತಿಂಗಳು ಕೈಯಾರೆ ಕಟ್ಟಿದ ವಾದ್ಯಗಳದೇ ಒಂದು ಕಾರ್ಯಕ್ರಮ. ಅದರಲ್ಲಿ ಒಬ್ಬಳೇ ಕೂತು ಬಾರಿಸುವ ಅವಕಾಶ ಅವಳಿಗೆ ಸಿಕ್ಕಿತ್ತು.

ರಜೆಗೆ ಬಂದವಳು ಊಟದ ಮೇಜಿನ ಮೇಲೆ ವಾದ್ಯ ಹರಡಿಕೊಂಡು ಸ್ವಿಚ್ ಒತ್ತಿದಳು. ಗುಂಯ್ ಎಂದಿತು. ಕೀಲಿ ಒತ್ತಿದರೆ ಸ್ವರ ಬಂತು, ಸ್ವರದ ಹಿಂದೆಯೂ ಗುಂಯ್. ಕೈ ತೆಗೆದರೆ ಸ್ವರ ಹೋಯಿತು, ಗುಂಯ್ ಹೋಗಲಿಲ್ಲ. ಜೊತೆಗೆ ಸಣ್ಣದೊಂದು ಕುಂಯ್ ಬೇರೆ.

"ಯಾವುದವಾ ಅದು ಹಾಳ ಸಪ್ಲೈ!" ಸಿದ್ದಲಿಂಗಪ್ಪನವರು ಬಚ್ಚಲಿನಿಂದಲೇ ಗುಡುಗಿದರು.

"ಪಪ್ಪಾ, ಧೀರೇ!"

"ಧೀರೇನ ಹೇಳಾಕತ್ತೇನಿ!" ಎನ್ನುತ್ತ ಟವೆಲಿನಲ್ಲೇ ಬಂದವರು ಪ್ಲಗ್ಗಿಗೆ ಚುಚ್ಚಿದ್ದ ಅಡಾಪ್ಟರನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು. "ಇದು ಚಾರ್ಜರ್ ಜಾತಿದು. ಕರೆಂಟ್‌ನ ಕೊಚ್ಚಿ ಕೊಚ್ಚಿ ಕೊಡ್ತೈತಿ. ಫೋನಿಗೆ ನಡೀತೈತಿ. ನಿನ್ನ ಚಿಪ್ಪಿಗೆ ನಡಿಯಂಗಿಲ್ಲ. ಅದು ಹಳೇ ಕಾಲದ್ದು, ಭೋಳೆ. ಏನು ಉಣಿಸ್ತೀಯೋ ಅದನ್ನ ಹಾಡ್ತೈತಿ."

ಗಗನಾಳ ಮುಖ ಚಿಕ್ಕದಾಯಿತು. "ಪಪ್ಪಾ, ಗುಂಯ್ ಹೋಗ್ಲಿಲ್ಲ ಅಂದ್ರೆ ನಾನು ಇದು ನಹೀ ಬಜಾವೂಂಗಿ. ಲ್ಯಾಪ್‌ಟಾಪ್ ಮೇಲೆ ಏನೋ ಬಾರಿಸ್ತೀನಿ. ಎಲ್ಲರೂ ನಗ್ತಾರೆ."

"ಲ್ಯಾಪ್‌ಟಾಪ್ ಯಾಕ? ನಿಮ್ಮಪ್ಪ ಸತ್ತಾನೇನು? ನಾ ಮಾಡಿ ಕೊಡ್ತೇನಿ!"

"ಬಿಡ್ತು ಅನ್ರಿ," ಎಂದರು ಒಳಗಿನಿಂದ ಹೆಂಡತಿ ಚಂಪಾ.

ಗಗನಾ ವಡೋದರಾಕ್ಕೆ ಹೋದ ಮೇಲೆ ಸಿದ್ದಲಿಂಗಪ್ಪನವರು ಹುರುಪಿನಿಂದ ಹೆಂಡತಿಯನ್ನು ಕೇಳಿದರು, "ಕಾರ್ಯಕ್ರಮಕ್ಕ ಯಾವ ಟ್ರೇನಿಗೆ ಹೋಗೂಣು?" ಚಂಪಾ ಕೈಯಲ್ಲಿದ್ದ ಸೊಪ್ಪನ್ನು ನೋಡುತ್ತ, "ರೀ, ನನಗಷ್ಟ ಕರದಾಳ," ಎಂದರು. ಸಿದ್ದಲಿಂಗಪ್ಪನವರಿಗೆ ನೋವಾಯಿತು. ಬಹಳ ನೋವಾಯಿತು, ಮುಚ್ಚಿಡುವುದೇನು? ಮಗಳ ಕೈಯಲ್ಲಿ ತಾನು ಮಾಡಿದ ವಸ್ತುವೊಂದು ಕೆಲಸ ಮಾಡುವುದನ್ನು ಜೀವನದಲ್ಲಿ ಒಂದು ಸಲ ಕಣ್ಣಾರೆ ನೋಡಬೇಕು, ಕಿವಿಯಾರೆ ಕೇಳಬೇಕು ಎಂಬ ಆಸೆ ಅವರಿಗೆ. "ಇರ್ಲಿ ಬಿಡು, ನನ್ನ ಸಪ್ಲೈ ಅರ ಹೋಗ್ತೈತೆಲ್ಲ," ಎಂದರು. ಆ ಮಾತು ಪಕ್ಕದ ಮನೆಗೂ ಕೇಳಿಸಲಿಲ್ಲ. ಚಂಪಾಗೆ ಗಾಬರಿಯಾದದ್ದು ಅದಕ್ಕೇ.

ಆದರೆ ಮುನಿಸಿಕೊಂಡು ಕೂರುವ ಆಸಾಮಿ ಅವರಲ್ಲ. ಬಾಲ್ಕನಿಯಲ್ಲಿ ಮೇಜು ಹಾಕಿದರು. ಟ್ರಾನ್ಸ್‌ಫಾರ್ಮರಿಗೆ ಸೂರತ್ತಿಗೆ ಫೋನು ಹೋಯಿತು. ಉಧ್ನಾದಲ್ಲಿ ಮಗ್ಗದ ಕಾರ್ಖಾನೆಗಳ ನಡುವೆ ಟ್ರಾನ್ಸ್‌ಫಾರ್ಮರ್ ಸುತ್ತಿ ಕೊಡುವ ಸತ್ಯಪ್ರಕಾಶ ಎಂಬ ಕನ್ನಡಿಗ ಇದ್ದಾನೆ. ಆ ಗದ್ದಲದಲ್ಲಿ ಅವನಿಗೆ ನೆಟ್ಟಗೆ ಕೇಳಿಸುವ ಗಿರಾಕಿ ಇವರೊಬ್ಬರೇ ಎಂದು ಅವನಿಗೆ ಇವರ ಮೇಲೆ ಪ್ರೀತಿ. ವಾರದೊಳಗೆ ಬಳೆಯಾಕಾರದ, ಗಟ್ಟಿಮುಟ್ಟಾದ ಟ್ರಾನ್ಸ್‌ಫಾರ್ಮರ್ ಕೊರಿಯರಿನಲ್ಲಿ ಬಂತು. ಅದು ಗೋಡೆಯ ಕರೆಂಟನ್ನು ಇಳಿಸುತ್ತದೆ. ಮುಂದೆ ನಾಲ್ಕು ಡಯೋಡು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಆಮೇಲೆ ದಪ್ಪನೆಯ ಕೆಪಾಸಿಟರು. ಕಾರ್ಪೊರೇಷನ್ ನೀರು ಬಿಟ್ಟುಬಿಟ್ಟು ಬಂದರೂ ತಾರಸಿಯ ಟ್ಯಾಂಕಿನಿಂದ ನಲ್ಲಿಗೆ ಸಮನಾಗಿ ಬರುವುದಿಲ್ಲವೇ, ಕೆಪಾಸಿಟರಿನ ಕೆಲಸವೂ ಅದೇ. ಕೊನೆಯಲ್ಲಿ ರೆಗ್ಯುಲೇಟರು ಚಿಪ್ಪಿಗೆ ಬೇಕಾದಷ್ಟನ್ನೇ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಕೊಡುತ್ತದೆ. ಬೆಸುಗೆ ಹಾಕುವಾಗ ಸಿದ್ದಲಿಂಗಪ್ಪನವರು ಮೌನವಾಗಿರುತ್ತಿದ್ದರು ಎಂದುಕೊಂಡರೆ ತಪ್ಪು. ಒಂದೊಂದು ತುಂಡನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು, "ಬಾರಪ್ಪಾ ಡಯೋಡಪ್ಪಾ, ಕಾಲ ಚಾಚು" ಎಂದು. ಕೆಳಗಿನ ಮನೆಯವರು ಇವರ ಮನೆಗೆ ಊರಿಂದ ನೆಂಟರು ಬಂದಿದ್ದಾರೆಂದು ತಿಳಿದಿದ್ದರು.

ಗಗನಾ ಬಂದಳು. ಊಟದ ಮೇಜಿನ ಮೇಲೆ ಜೋಡಿಸಿ ಸ್ವಿಚ್ ಒತ್ತಿದರೆ ಗುಂಯ್ ಇಲ್ಲ, ಕುಂಯ್ ಇಲ್ಲ! ಕೀಲಿ ಒತ್ತಿದಾಗ ಎದ್ದ ಸ್ವರ ಎಷ್ಟು ಚೊಕ್ಕವಾಗಿತ್ತೆಂದರೆ ಚಂಪಾ ಒಗ್ಗರಣೆ ಬಿಟ್ಟು ಹೊರಗೆ ಬಂದರು. ಗಗನಾ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಈಗ ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎಂದು ಸಿದ್ದಲಿಂಗಪ್ಪನವರು ರಿಕ್ಷಾದವರೆಗೂ ಅವಳ ಬ್ಯಾಗು ಹೊತ್ತು ಹೋದರು. "ಥ್ಯಾಂಕ್ಯೂ ಪಪ್ಪಾ, ಬಾಯ್!" ಎಂದಳು. ರಿಕ್ಷಾ ಹೋಯಿತು. ಡಬ್ಬಿಯನ್ನು ತಾನೇ ಮಾಡಿಕೊಳ್ಳುತ್ತೇನೆ, ಅದರಲ್ಲಿ ಜೋಡಿಸುವುದನ್ನೂ ತಾನೇ ಮಾಡುತ್ತೇನೆ ಎಂದಿದ್ದಳು, ಅಪ್ಪ ವಡೋದರಾಕ್ಕೆ ಬರುವ ದಾರಿಯೇ ಇಲ್ಲದಂತೆ.

ಕಾರ್ಯಕ್ರಮ ಹತ್ತಿರ ಬಂದಾಗ ಫೋನು ಬಂತು. ಧ್ವನಿಯಲ್ಲಿ ಅಳು. ಚೆಂದದ ಮರದ ಡಬ್ಬಿಯೊಳಗೆ ಎಲ್ಲ ಕೂರಿಸಿದ್ದಳಂತೆ, ಗುಂಯ್ ಮತ್ತೆ ಬಂದಿತ್ತು.

ಸಿದ್ದಲಿಂಗಪ್ಪನವರಿಗೆ ಕೂಡಲೇ ಹೊಳೆಯಿತು. ಟ್ರಾನ್ಸ್‌ಫಾರ್ಮರಿನಿಂದ ಹೊರಡುವ ಎರಡು ವಾಯರುಗಳಲ್ಲಿ ಇನ್ನೂ ಒರಟು ಕರೆಂಟೇ ಇರುತ್ತದೆ. ಅವು ಸ್ವರ ಒಯ್ಯುವ ವಾಯರಿನ ಹತ್ತಿರ ಸುಳಿದರೆ ಅದಕ್ಕೂ ಗುಂಯ್ ಅಂಟುತ್ತದೆ. ದೂರ ಇಡಬೇಕು, ಅಷ್ಟೇ. ಲ್ಯಾಬಿನಲ್ಲಿ ಹೊಸಬರಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆದರೆ ಮಗಳು ಅಳುತ್ತಿದ್ದಾಳೆ ನೋಡಿ, ಬಾಯಿಗೆ ಗದಗ ಬಂದುಬಿಟ್ಟಿತು.

"ಮಡಿ ಗಗನಾ, ಮಡಿ! ಟ್ರಾನ್ಸ್‌ಫಾರ್ಮರಿನ ಎರಡೂ ವಾಯರ್ ಮಡಿ ಮಾಡವಾ!"

ಅವಳು ನಿಂತದ್ದು ಕಾಲೇಜಿನ ಲೈಬ್ರರಿಯ ಮುಂದೆ. ಫೋನು ಕಿವಿಯಿಂದ ಮೊಳ ದೂರ ಇದ್ದರೂ ಆ ಧ್ವನಿ ಒಳಗೆ ಓದುತ್ತಿದ್ದವರನ್ನು ತಲೆ ಎತ್ತಿಸಿತು. ಗಗನಾ "ಓಕೆ ಪಪ್ಪಾ, ಓಕೆ ಓಕೆ" ಎಂದು ಪಟ್ಟನೆ ಫೋನಿಟ್ಟಳು. ಪೂರ್ತಿ ಹೇಳುವಷ್ಟರಲ್ಲಿ ಫೋನಿಟ್ಟಳಲ್ಲ ಎಂದು ಇವರು ಇಲ್ಲಿ ಚಡಪಡಿಸಿದರು.

ಸಂಜೆ ಮತ್ತೆ ಫೋನು. ಈ ಸಲ ಧ್ವನಿಯಲ್ಲಿ ಕುಣಿತ. "ಪಪ್ಪಾ, ಗುಂಯ್ ತುಂಬ ಕಮ್ಮಿ ಆಯ್ತು! ಥೋಡಾ ಸಾ ಇದೆ ಬಸ್. ಯೂ ಆರ್ ಜೀನಿಯಸ್!"

"ವಾಯರ್ ಎಷ್ಟು ದೂರ ಇಟ್ಟಿ?"

"ದೂರ? ಇಲ್ಲ ಪಪ್ಪಾ, ನೀವು ಹೇಳಿದ್ರಲ್ಲ. ಮಡಿ. ಮಮ್ಮಿ ಚಾದರ ಮಡಚು ಅಂತಾಳಲ್ಲ, ಅದು. ವಾಯರ್ ಹೇಗೆ ಫೋಲ್ಡ್ ಮಾಡೋದು ಅಂತ ಗೊತ್ತಾಗ್ಲಿಲ್ಲ. ಅದಕ್ಕೆ ಎರಡೂ ಸೇರಿಸಿ ಜಡೆ ಥರ ಸುತ್ತಿಬಿಟ್ಟೆ."

ಸಿದ್ದಲಿಂಗಪ್ಪನವರು ನಕ್ಕರು. ಎಂಥ ನಗು ಅದು! ಎರಡು ವಾಯರನ್ನು ಒಂದಕ್ಕೊಂದು ಹೊಸೆಯಬೇಕು, ಆಗ ಒಂದರ ಗುಂಯ್ ಅನ್ನು ಇನ್ನೊಂದು ಹೊಡೆದುಹಾಕುತ್ತದೆ ಎಂಬುದು ಲ್ಯಾಬಿನಲ್ಲಿ ಅವರು ಎಲ್ಲರಿಗೂ ಕಲಿಸುತ್ತಿದ್ದ ಮೊದಲ ಪಾಠ. ಮಗಳಿಗೆ ಅದನ್ನು ಹೇಳುವುದೇ ಮರೆತಿದ್ದರು. ಅವಳ ಹರಕು ಕನ್ನಡ ಅದನ್ನು ತಾನಾಗಿಯೇ ಮಾಡಿಬಿಟ್ಟಿತ್ತು! "ಏ ಚಂಪಾ, ಬಾ ಇಲ್ಲೆ! ನಿನ್ನ ಮಗಳು ಮಡಿ ಅಂದ್ರ ಮಡಚಿ ಕೂತಾಳ!" ಎಂದು ಕಣ್ಣು ಒರೆಸಿಕೊಂಡರು. ಕೆಳಗಿನ ಮನೆಯ ಗುಜರಾತಿ ಅಜ್ಜಿ ಏನಾಯಿತೆಂದು ಕೇಳಲು ಮೆಟ್ಟಿಲು ಹತ್ತಿ ಬಂದರು. ಅವರಿಗೂ ಇವರೇ ನಿಂತು ಮಡಿಯ ಕಥೆ ಹೇಳಿದರು.

ಚಂಪಾ ಫೋನು ಕಸಿದುಕೊಂಡರು. "ಮಡಿ ಅಂದ್ರ ಹಂಗಲ್ಲವಾ. ನಮ್ಮ ಅಜ್ಜಿ ಜಳಕಾ ಮಾಡಿ, ಮಡಿ ಸೀರಿ ಉಟ್ಟು ಪೂಜಿಗೆ ಹೊಂಟ್ಲು ಅಂದ್ರ ನಾವು ಹುಡುಗ್ರೆಲ್ಲ ಗ್ವಾಡಿಗೆ ಅಂಟಿ ನಿಲ್ಲಬೇಕಿತ್ತು. ಯಾರೂ ಆಕಿನ್ನ ಮುಟ್ಟಂಗಿಲ್ಲ. ಮುಟ್ಟಿದ್ರ ಮತ್ತ ಜಳಕಾ!"

ಆ ಕಡೆಯಿಂದ ಗಗನಾ ಕಿರುಚಿದಳು, "ಅಂದ್ರೆ ಸ್ವರದ ವಾಯರ್ ಅಜ್ಜಿ! ಟ್ರಾನ್ಸ್‌ಫಾರ್ಮರಿನ ವಾಯರ್ ಹುಡುಗರು! ನನ್ ಡಬ್ಬಿಯಲ್ಲಿ ಅಜ್ಜಿ ಹುಡುಗರ ಮೇಲೇ ನಡೀತಿದ್ದಾಳೆ ಮಮ್ಮಿ!"

ಮರುದಿನ ಅಜ್ಜಿಯನ್ನು ಡಬ್ಬಿಯ ಒಂದು ಗೋಡೆಗೆ, ಜಡೆ ಹೆಣೆದ ಹುಡುಗರನ್ನು ಎದುರು ಗೋಡೆಗೆ ಸರಿಸಿದಳು. ಗುಂಯ್ ಪೂರ್ತಿ ಹೋಯಿತು. ಅದನ್ನು ಹೇಳಲು ಫೋನು ಮಾಡಿದವಳು ಮಾತು ಮುಗಿದ ಮೇಲೂ ಫೋನಿಡಲಿಲ್ಲ. "ಪಪ್ಪಾ, ನೀವೂ ಬರ್ರಿ," ಎಂದಳು. "ಬಟ್ ಒಂದು ಶರತ್ತು. ಒಂದೂ ಮಾತಾಡಬಾರದು. ಪ್ರಾಮಿಸ್?"

ಸಿದ್ದಲಿಂಗಪ್ಪನವರು ಪ್ರಾಮಿಸ್ ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ಬೇರೆಯವರ ಮಾತಿನಷ್ಟಿತ್ತು, ಇರಲಿ.

ಆ ದಿನ ಅಹಮದಾಬಾದಿನಿಂದ ವಡೋದರಾದವರೆಗೆ ರೈಲಿನಲ್ಲಿ ಅವರು ತುಟಿ ಬಿಚ್ಚಲಿಲ್ಲ. ಚಹಾದವನಿಗೆ ಬೆರಳು ತೋರಿಸಿದರು, ಟೀಸಿಗೆ ತಲೆಯಾಡಿಸಿದರು. ಎದುರಿನ ಸೀಟಿನ ಹೆಂಗಸು ಚಂಪಾರ ಹತ್ತಿರ, ಪಾಪ, ಅವರಿಗೆ ಹುಟ್ಟಿನಿಂದಲೇ ಮಾತು ಬರುವುದಿಲ್ಲವೇ ಎಂದು ಹಿಂದಿಯಲ್ಲಿ ಕನಿಕರದಿಂದ ಕೇಳಿದಳು. ಚಂಪಾ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ಆದರೆ ಸಿದ್ದಲಿಂಗಪ್ಪನವರಿಗೆ ಇದು ನಗುವ ವಿಷಯವಾಗಿರಲಿಲ್ಲ. ಇವತ್ತು ಬಾಯಿ ಜಾರಿದರೆ ಮಗಳು ಮತ್ತೆಂದೂ ಕರೆಯುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಾರ್ಯಕ್ರಮದ ಹಾಲು ಚಿಕ್ಕದು, ಜನ ತುಂಬಿತ್ತು. ಗಗನಾ ಬಂದು ಮರದ ಡಬ್ಬಿಯ ಮುಂದೆ ಕೂತಳು. ಮೊದಲು ಚಿಟಿಕೆ ಚಿಟಿಕೆ ಸ್ವರಗಳು, ಹಳೆಯ ವೀಡಿಯೋ ಆಟದವು, ಹಾರಿ ಜಿಗಿದು ಓಡುವಂಥವು. ಹುಡುಗರು ಶಿಳ್ಳೆ ಹಾಕಿದರು. ಆಮೇಲೆ ಅದೇ ಚಿಪ್ಪಿನಿಂದ ಉದ್ದುದ್ದ ಸ್ವರಗಳು ಎದ್ದವು, ಒಂದರ ಹೆಗಲ ಮೇಲೆ ಒಂದು ಕೈ ಇಟ್ಟುಕೊಂಡು ನಿಧಾನವಾಗಿ ಬಂದವು. ಸ್ವರ ಮತ್ತು ಸ್ವರದ ನಡುವೆ ಏನೂ ಇರಲಿಲ್ಲ. ಆ ಏನೂ ಇಲ್ಲದ್ದು ತನ್ನದು ಎಂದು ಸಿದ್ದಲಿಂಗಪ್ಪನವರಿಗೆ ಎದೆ ತುಂಬಿ ಬಂತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತರು.

ಕೊನೆಯ ಸ್ವರ ಆರಿತು. ಗಗನಾ ಕೀಲಿಮಣೆಯಿಂದ ಕೈ ತೆಗೆದಳು, ಆದರೆ ಏಳಲಿಲ್ಲ. ಶಬ್ದ ಏರಿಸುವ ಗುಂಡಿಯನ್ನು ಹಿಡಿದು ಮೆಲ್ಲಗೆ ತಿರುಗಿಸತೊಡಗಿದಳು. ಅರ್ಧಕ್ಕೆ, ಮುಕ್ಕಾಲಿಗೆ, ಕೊನೆಯವರೆಗೆ. ಸ್ಪೀಕರಿನಿಂದ ಒಂದು ಉಸಿರೂ ಬರಲಿಲ್ಲ. ಅವಳ ಕಣ್ಣು ಸಭೆಯಲ್ಲಿ ಅಪ್ಪನನ್ನು ಹುಡುಕುತ್ತಿತ್ತು. ಅವಳು ಏನು ತೋರಿಸುತ್ತಿದ್ದಾಳೆಂದು ಆ ಹಾಲಿನಲ್ಲಿ ಅರ್ಥವಾದದ್ದು ಒಬ್ಬರಿಗೆ ಮಾತ್ರ.

ಮುಂದಿನ ಸಾಲಿನವರೊಬ್ಬರು ಗುಜರಾತಿಯಲ್ಲಿ "ಬಂಧ್ ಥೈ ಗಯು?" ಎಂದು ಪಕ್ಕದವರನ್ನು ಕೇಳಿದರು, ಬಂದಾಯಿತೇ ಎಂದು. ಪಾಪ, ಹಾಡು ನಡುವೆ ಕೆಟ್ಟಿತು ಎಂದು ಯಾರೋ ಅಂದರು. ಕಾರ್ಯಕ್ರಮ ನಡೆಸುತ್ತಿದ್ದವನೊಬ್ಬ ಎದ್ದು, ವೇದಿಕೆಯ ಮೂಲೆಯಲ್ಲಿದ್ದ ಪ್ಲಗ್ಗಿನ ಕಡೆ ಲಗುಬಗೆಯಿಂದ ಹೊರಟ. ಬಗ್ಗಿದ. ಕೈ ಚಾಚಿದ.

"ಏ ಭಾಯ್! ಹಾಥ್ ನ ಲಗಾವೋ! ಬಂಧ್ ನಥೀ! ಚಾಲೂ ಛೇ! ಫುಲ್ ಚಾಲೂ ಛೇ!"

ಮುಟ್ಟಬೇಡ, ಬಂದಾಗಿಲ್ಲ, ಪೂರ್ತಿ ಚಾಲೂ ಇದೆ ಎಂಬ ಆ ಕೂಗಿಗೆ ಆ ಮನುಷ್ಯ ಚಾಚಿದ ಕೈ ಚಾಚಿದಂತೆಯೇ ನಿಂತ. ಇಡೀ ಹಾಲು ಹಿಂದೆ ತಿರುಗಿತು. ಸಿದ್ದಲಿಂಗಪ್ಪನವರು ಎದ್ದು ನಿಂತಿದ್ದರು, ಎದ್ದದ್ದು ಅವರಿಗೇ ಗೊತ್ತಿರಲಿಲ್ಲ. ಚಂಪಾ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಯ್ಯೋ ಶಿವನೇ, ಮಾತು ಕೊಟ್ಟು ಕೆಟ್ಟೆನಲ್ಲ ಎಂದು ಸಿದ್ದಲಿಂಗಪ್ಪನವರು ಮಗಳ ಮುಖ ನೋಡುವ ಧೈರ್ಯವಾಗದೆ ಕುಸಿದು ಕೂತರು.

ಗಗನಾ ಒಂದೇ ಒಂದು ಕೀಲಿ ಒತ್ತಿದಳು. ಪೂರ್ತಿ ತಿರುಗಿಸಿದ ಶಬ್ದದಲ್ಲಿ ಆ ಸ್ವರ ಹೊರಟಿತು ನೋಡಿ, ಕಿಟಕಿಯ ಗಾಜು ಝಲ್ ಎಂದವು, ಮುಂದಿನ ಸಾಲಿನವರು ಕುರ್ಚಿಯಿಂದ ಒಂದು ಗೇಣು ಮೇಲೆ ಹಾರಿದರು. ಆಮೇಲೆ ಕೈ ತೆಗೆದಳು. ಮತ್ತೆ ಏನೂ ಇಲ್ಲ. ಅಲ್ಲಿದ್ದವರಿಗೆ ಆಗ ಅರ್ಥವಾಯಿತು. ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ.

ಗಗನಾ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಮೈಕು ತೆಗೆದುಕೊಂಡು ಹಿಂದಿಯಲ್ಲಿ ಹೇಳಿದಳು, ಈಗ ನೀವು ಕೇಳಿದಿರಲ್ಲ, ಏನೂ ಇಲ್ಲದ್ದು, ಅದನ್ನು ಮಾಡಿದವರು ಅಲ್ಲಿ ಕೂತಿದ್ದಾರೆ, ನನ್ನ ಪಪ್ಪಾ ಎಂದು. ಹುಡುಗಿಯೊಬ್ಬಳು ಇನ್ನೊಂದು ಮೈಕು ಹಿಡಿದು ಸಿದ್ದಲಿಂಗಪ್ಪನವರ ಕಡೆ ಓಡಿದಳು.

"ಅವರಿಗೆ ಮೈಕ್ ಬೇಕಾಗಿಲ್ಲ," ಎಂದಳು ಗಗನಾ. ಹಾಲು ಹೋ ಎಂದು ನಕ್ಕಿತು.

ನಗು ಇಳಿಯುವವರೆಗೆ ಕಾದು, ತನ್ನ ಮೈಕನ್ನೂ ಕೆಳಗಿಟ್ಟು, ಅಪ್ಪನನ್ನೇ ನೋಡುತ್ತ ಅವಳು ಕನ್ನಡದಲ್ಲಿ ಹೇಳಿದಳು:

"ಹೇಳ್ರಿ ಪಪ್ಪಾ. ಜೋರಾಗಿ ಹೇಳ್ರಿ."

ಸಿದ್ದಲಿಂಗಪ್ಪನವರು ಎದ್ದು ನಿಂತರು. ಕೊಟ್ಟ ಪ್ರಾಮಿಸ್ ನೆನಪಾಗಿ ಮೊದಲ ಮಾತನ್ನು ಪಿಸುಗುಟ್ಟಿದರು. ಎರಡನೆಯದಕ್ಕೆ ರಸ್ತೆಯಲ್ಲಿದ್ದ ರಿಕ್ಷಾದವರೂ ಬಂದು ಬಾಗಿಲಲ್ಲಿ ನಿಂತು ಕೇಳಿದರು.